ಸೀಸನ್ ಯಾರಿಗೆ ಮುಗಿದದ್ದು?

ಭಾವ ಈಗ ವಿಮಾನದಲ್ಲಿದ್ದಾರೆ. ಜ್ಯೂರಿಕ್ ಮುಟ್ಟಿ ಫೋನ್ ಆನ್ ಮಾಡುವುದರೊಳಗೆ ಇದನ್ನು ಬರೆದು ಮುಗಿಸಿಬಿಡುತ್ತೇನೆ. ಆಮೇಲೆ ಓದಿದರೆ ಓದಲಿ.

ಹೊರನಾಡಿಗೆ ಹೋಗಿ ಬರುವ ಅಂತ ಹೊರಟದ್ದು. ಅಕ್ಕನ ಹರಕೆ ಬಾಕಿ ಇತ್ತು. ಉಡುಪಿಯಿಂದ ಬೆಳಿಗ್ಗೆ ಬೇಗ ಬಿಟ್ಟು ಕಾರ್ಕಳ, ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದೆವು. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಹೊತ್ತು ಬರೆದು ಚೀಟಿ ಕೊಟ್ಟರು. ನಡುವೆ ಕಂಡಕಂಡಲ್ಲಿ ನಿಲ್ಲಿಸುವ ಹಾಗಿಲ್ಲ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿ, ಈ ಕಡೆಯವರಿಗೆ ಹೊಸದಲ್ಲ. ಅಕ್ಕ ಮೊದಲನೇ ತಿರುವಿಗೇ ಮಾತ್ರೆ ನುಂಗಿ ಹಿಂದಿನ ಸೀಟಿನಲ್ಲಿ ಮಲಗಿದಳು. ಭಾವ ಮುಂದೆ ಕೂತು ಗ್ಲಾಸ್ ಇಳಿಸಿ, ಕೈಯಲ್ಲಿ ಫೋನ್ ಹಿಡಿದು ಹಸಿರಿಗೆ ಕಾಯುತ್ತಿದ್ದರು.

ಹಸಿರು ಬರಲಿಲ್ಲ. ಮಾರ್ಚ್ ಅಲ್ವಾ? ಎಸ್.ಕೆ. ಬಾರ್ಡರ್, ಅಂದರೆ ಹಳೇ ಸೌತ್ ಕೆನರಾ ಜಿಲ್ಲೆಯ ಗಡಿ, ದಾಟಿದ ಮೇಲೆ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ. ಒಂದು ಕಡೆ ಇಡೀ ಇಳಿಜಾರು ಕಪ್ಪು. ಹನುಮನಗುಂಡಿ ಜಲಪಾತದ ಹತ್ತಿರ ಟಿಕೆಟ್ ತೆಗೆದು, ಅಷ್ಟೂ ಮೆಟ್ಟಿಲು ಇಳಿದು ಹತ್ತಿ ಬಂದ ಭಾವನ ಮುಖ ನೋಡಬೇಕಿತ್ತು. ಕೆಳಗೆ ನೀರು ಇತ್ತು, ಆದರೆ ಅವರು ಯೂಟ್ಯೂಬಿನಲ್ಲಿ ನೋಡಿದಷ್ಟು ಇರಲಿಲ್ಲ.

"ಛೇ, ಸೀಸನ್ ಮುಗ್ದಿದೆ ಮಾರಾಯ. ಈಗ ನೋಡ್ಲಿಕ್ಕೆ ಎಂತ ಉಂಟು ಇಲ್ಲಿ? ಎಲ್ಲ ಸತ್ತು ಹೋದ ಹಾಗೆ ಉಂಟು."

ನನಗೆ ಹೇಳಿದ್ದು. ಆದರೆ ಪಕ್ಕದಲ್ಲಿ ಒಬ್ಬ ಇದ್ದ. ಖಾಕಿ ಪ್ಯಾಂಟು, ಮಾಸಿದ ಟೀ ಶರ್ಟು, ಬೆನ್ನಿಗೆ ಹಾಕುವ ಬ್ಲೋವರನ್ನು ಕಟ್ಟೆ ಮೇಲೆ ಇಟ್ಟು ಅದರ ಪೈಪಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತುತ್ತಿದ್ದ. ಗಾಳಿ ಸೋರುತ್ತಿತ್ತೋ ಏನೋ. ಒಂದು ಸುತ್ತು ಸುತ್ತಿ, ಹಲ್ಲಲ್ಲಿ ಕಚ್ಚಿ ಎಳೆದು, ಇನ್ನೊಂದು ಸುತ್ತು. ಎಡಗಡೆ ಹುಬ್ಬು ಅರ್ಧ ಇರಲಿಲ್ಲ, ಸುಟ್ಟು ಹೋಗಿತ್ತು. ತಲೆ ಎತ್ತದೆಯೇ ಹೇಳಿದ:

"ಸೀಸನ್ ನಿಮ್ಗೆ ಮುಗ್ದದ್ದು ಸಾರ್. ನಮ್ಗೆ ಈಗ ಶುರು."

ಕೋಪ ಇಲ್ಲ, ನಗು ಇಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದವರಿಗೆ ಉತ್ತರ ಹೇಳುವ ಧಾಟಿ. ಹೇಳಿ ಬೈರಾಸಿನಲ್ಲಿ ಕುತ್ತಿಗೆ ಒರೆಸಿಕೊಂಡು ಮತ್ತೆ ಟ್ಯೂಬು ಸುತ್ತತೊಡಗಿದ. ಭಾವನಿಗೆ ಎಂತ ಹೇಳುವುದು ಗೊತ್ತಾಗಲಿಲ್ಲ. "ಹೌದಾ" ಅಂದರು.

ಭಾವ ಕೆಟ್ಟವರಲ್ಲ. ಅಕ್ಕನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ನಮ್ಮಪ್ಪನ ಆಪರೇಶನ್ ಹೊತ್ತಿಗೆ ಯಾರೂ ಕೇಳದೆಯೇ ದುಡ್ಡು ಕಳಿಸಿದವರು. ಆದರೆ ಒಂದು ಚಾಳಿ. ಎಂತ ಕಂಡರೂ "ಅಲ್ಲಿ" ಅಂತ ಶುರು ಮಾಡುತ್ತಾರೆ, ಅಲ್ಲಿ ಅಂದರೆ ಅವರಿರುವ ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿ ಬಸ್ಸು, ಅಲ್ಲಿ ಹಾಲು, ಅಲ್ಲಿ ಕಸದ ಡಬ್ಬಿ. ಕುದುರೆಮುಖ ಅಂದ ಕೂಡಲೇ ಅಲ್ಲಿಯ ಪಾರ್ಕು ಬರಲೇಬೇಕು, ಬಂತು.

ಅವರು ವರ್ಷ ವರ್ಷವೂ ಹೋಗುವ ಜಾಗ ಅದು. ಸ್ವಿಸ್ ನ್ಯಾಷನಲ್ ಪಾರ್ಕ್, ದೇಶದ ಪೂರ್ವದ ಮೂಲೆಯ ಎಂಗಡಿನ್ ಕಣಿವೆಯಲ್ಲಿ. ಆಲ್ಪ್ಸ್‌ನಲ್ಲೇ ಎಲ್ಲಕ್ಕಿಂತ ಹಳೇ ರಾಷ್ಟ್ರೀಯ ಉದ್ಯಾನ, 1914ರ ಆಗಸ್ಟ್ 1ರಂದು ಶುರುವಾದದ್ದು. ತ್ಸೆರ್ನೆಟ್ಸ್ ಅನ್ನುವ ಊರಿನವರೆಗೆ ರೈಲು, ಅಲ್ಲಿಂದ ಹಳದಿ ಬಸ್ಸು. ಫ್ಯಾಮಿಲಿ ಗ್ರೂಪಿನಲ್ಲಿ ನಾವು ಅದರ ಎಲ್ಲ ಕಾಲವನ್ನೂ ಕೂತಲ್ಲೇ ನೋಡಿದ್ದೇವೆ. ಜೂನ್, ಜುಲೈಯಲ್ಲಿ ಹೂ, ಬಿಲದ ಬಾಯಲ್ಲಿ ನಿಂತು ಸಿಳ್ಳೆ ಹೊಡೆಯುವ ಮಾರ್ಮಟ್‌ಗಳು. ಸೆಪ್ಟೆಂಬರಿನಲ್ಲಿ ತ್ರುಪ್ಚುನ್ ಕಣಿವೆಯಲ್ಲಿ ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುವುದನ್ನು ಭಾವ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದರು. ದೊಡ್ಡಮ್ಮ ಅದನ್ನು ಕೇಳಿ ಯಾರಿಗೋ ಹುಷಾರಿಲ್ಲ ಅಂತ ಗಾಬರಿಯಾಗಿ ಫೋನ್ ಮಾಡಿದ್ದರು. ಅಕ್ಟೋಬರಿನಲ್ಲಿ ಲಾರ್ಚ್ ಮರಗಳೆಲ್ಲ ಬಂಗಾರದ ಬಣ್ಣ. ಅವಕ್ಕೆ ಸೂಜಿಯಂಥ ಎಲೆ, ಆದರೂ ಚಳಿಗೆ ಮುಂಚೆ ಹಳದಿಯಾಗಿ ಉದುರುತ್ತವಂತೆ.

ಚಳಿಗಾಲದ ಫೋಟೋ ಮಾತ್ರ ಇಲ್ಲ. ಯಾಕೆಂದರೆ ಆಗ ಪಾರ್ಕಿನೊಳಗೆ ಮನುಷ್ಯರಿಗೆ ಪ್ರವೇಶವೇ ಇಲ್ಲ. ಹಿಮ ಬಿದ್ದ ಮೇಲೆ ನಡೆಯುವ ದಾರಿ ಎಲ್ಲ ಬಂದ್. ಬೇಸಿಗೆಯಲ್ಲೂ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡುವ ಹಾಗಿಲ್ಲ, ಹೂ ಕೊಯ್ಯುವ ಹಾಗಿಲ್ಲ, ನಾಯಿ ತರುವ ಹಾಗಿಲ್ಲ. ಬಿದ್ದ ಮರವನ್ನು ಕೂಡ ಹಾಗೇ ಕೊಳೆಯಲಿಕ್ಕೆ ಬಿಡುತ್ತಾರೆ. "ಪ್ರಕೃತಿಯನ್ನು ಅದರ ಪಾಡಿಗೆ ಬಿಡ್ಬೇಕು ಮಾರಾಯ, ಅದಕ್ಕೂ ರೆಸ್ಟ್ ಬೇಕು" ಅಂತ ಭಾವ ಹೇಳುವಾಗ ದೇವಸ್ಥಾನದ ವಿಷಯ ಹೇಳಿದಷ್ಟೇ ಭಕ್ತಿ ಇರುತ್ತದೆ.

ನನಗೆ ಸಿಟ್ಟು ಬಂದದ್ದು ಅಲ್ಲಿ. ಅಲ್ಲಿ ಬೆಳ್ಳಗೆ ಹೊದ್ದು ಮಲಗಿದ್ದಕ್ಕೆ ರೆಸ್ಟ್ ಅಂತ ಹೆಸರು, ಇಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದಕ್ಕೆ "ಸತ್ತು ಹೋದ ಹಾಗೆ"! ಇಲ್ಲಿಯೂ ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಅದನ್ನು ಹೇಳಿದ್ದಕ್ಕೆ "ಇವರದ್ದು ಎಂತದಕ್ಕೂ ಬಂದ್ ಮಾಡುವುದೇ" ಅಂತ ಗೊಣಗಿದವರೂ ಇದೇ ಭಾವ.

ಕುದುರೆಮುಖಕ್ಕೆ ನಾನು ಎಲ್ಲ ಕಾಲದಲ್ಲೂ ಹೋಗಿದ್ದೇನೆ. ದೊಡ್ಡ ಚಾರಣಿಗ ಅಂತಲ್ಲ, ಹೊರನಾಡು, ಕಳಸ, ನೆಂಟರ ಮನೆ ಅಂತ ಏನಾದರೊಂದು ಕಾರಣ ಸಿಗುತ್ತದೆ. ಜುಲೈಯಲ್ಲಿ ಹೋದರೆ ಕಾಣುವುದು ವೈಪರ್ ಮಾತ್ರ. ಮಂಜು ರಸ್ತೆಗೇ ಇಳಿದಿರುತ್ತದೆ, ಕಡಾಂಬಿ ಜಲಪಾತದ ಸದ್ದು ಮೊದಲು, ಅದು ಕಾಣುವುದು ಆಮೇಲೆ. ಕಾಲಿಗೆ ಉಂಬಳ ಹತ್ತಿದ್ದು ಮನೆಗೆ ಬಂದು ಚಪ್ಪಲಿ ಬಿಚ್ಚಿದಾಗಲೇ ಗೊತ್ತಾಗುವುದು. ಸೆಪ್ಟೆಂಬರಿನ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹುಲ್ಲಿನ ನಡುವೆ ಸಣ್ಣ ಸಣ್ಣ ಹೂ. ಅದರಲ್ಲಿ ಒಂದು ನೀಲಿ ಜಾತಿ ಬೇರಿನ ಹತ್ತಿರದ ಪುಟ್ಟ ಚೀಲಗಳಲ್ಲಿ ಸೂಕ್ಷ್ಮ ಹುಳಗಳನ್ನು ಹಿಡಿದು ತಿನ್ನುತ್ತದೆ. ನೋಡಿದರೆ ಅಷ್ಟು ಪಾಪದ ಹಾಗೆ ಕಾಣುವ ಹೂ! ಡಿಸೆಂಬರಿಗೆ ಹುಲ್ಲು ಬಂಗಾರದ ಬಣ್ಣ, ಬೆಳಿಗ್ಗೆ ಚಳಿ. ಆಗಲೇ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡಲು ಶುರು ಮಾಡುತ್ತಾರೆ. ಅಂದರೆ ಒಂದು ಪಟ್ಟಿಯಷ್ಟು ಹುಲ್ಲನ್ನು ತಾವೇ ಸುಟ್ಟು ಬೋಳು ಮಾಡಿಡುವುದು. ಮುಂದೆ ಬೆಂಕಿ ಬಂದರೆ ದಾಟಬಾರದು ಅಂತ.

ಇನ್ನು ಭಾವನಿಗೆ ಬೇಡವಾದ ಮಾರ್ಚ್. ಈ ಬೆಟ್ಟಗಳು ಭಾವನ ತಲೆಯ ಹಾಗೆ, ಮೇಲೆ ಬೋಳು, ಮಡಿಕೆಗಳಲ್ಲಿ ಮಾತ್ರ ದಟ್ಟ. ಆ ಮಡಿಕೆಗಳಲ್ಲಿರುವುದು ಶೋಲಾ ಕಾಡು. ಹುಲ್ಲು ಒಣಗಿದ ಇದೇ ಹೊತ್ತಿಗೆ ಆ ಕಾಡಿನ ಮರಗಳಲ್ಲಿ ಕೆಂಪು ಚಿಗುರು ಬಂದಿರುತ್ತದೆ. ಮೊನ್ನೆಯೂ ಬಂದಿತ್ತು, ಕಂದು ಗುಡ್ಡದ ಸಂದಿಯಲ್ಲಿ ತಾಮ್ರದ ಬಣ್ಣ. ತೋರಿಸಿದೆ. "ಅದು ಒಣಗಿದ ಎಲೆ ಅಲ್ವಾ?" ಅಂದರು ಭಾವ. ಅಲ್ಲ ಅಂತ ಹೇಳಿದ ಮೇಲೂ ಫೋಟೋ ತೆಗೆಯಲಿಲ್ಲ.

ನಮ್ಗೆ ಈಗ ಶುರು. ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲಿ ಸುತ್ತುತ್ತಾ ಇದೆ.

ಅವನು ಬೆಂಕಿ ಕಾಯುವವನು. ಬೇಸಿಗೆ ತಿಂಗಳುಗಳಿಗೆ ಮಾತ್ರ ಅಂತ ಸುತ್ತಮುತ್ತಲಿನ ಊರಿನವರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಹುಲ್ಲಿಗೆ ಬೆಂಕಿ ಬಿದ್ದರೆ ಗುಡ್ಡದ ಬೆನ್ನು ಹಿಡಿದು ಓಡಿ, ಬ್ಲೋವರಿನಲ್ಲಿ ತರಗೆಲೆ ಹಾರಿಸಿ, ಹಸಿ ಸೊಪ್ಪಿನಲ್ಲಿ ಬಡಿದು ಆರಿಸಬೇಕು. ಫೈರ್ ಇಂಜಿನ್ ಅಲ್ಲಿಗೆ ಹೋಗುವುದಿಲ್ಲ, ನೀರಿನ ಪೈಪೂ ಇಲ್ಲ. ನಮ್ಮ ಕಡೆಯ ಕಾಡಿನ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯ ಹಚ್ಚಿದ್ದೇ, ಬೇಕಂತಲೋ, ಬೀಡಿ ಎಸೆದೋ. ಹುಲ್ಲು ಸುಟ್ಟರೂ ಅದರ ಜೀವ ಬೇರಿನಲ್ಲಿರುತ್ತದೆ, ಒಂದು ಮಳೆ ಬಿದ್ದರೆ ಚಿಗುರುತ್ತದೆ, ಕಾಟಿಗಳು ಮೇಯಲು ಬರುತ್ತವೆ. ಶೋಲಾದ ಕಥೆ ಹಾಗಲ್ಲ. ಅದರ ಅಂಚಿನ ಎಳೆ ಗಿಡಗಳು ಬೆಂಕಿಗೆ ಉಳಿಯುವುದಿಲ್ಲ. ಪ್ರತಿ ವರ್ಷ ಬೆಂಕಿ ಬಂದರೆ ಕಾಡು ಅಂಚಿನಿಂದ ಸವೆಯುತ್ತಾ ಹೋಗುತ್ತದೆ.

ಸವೆದರೆ ನಮಗೇನು? ನಮ್ಮ ನಲ್ಲಿ. ಉಡುಪಿಗೆ ಕುಡಿಯುವ ನೀರು ಬರುವುದು ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಸ್ವರ್ಣೆಗೆ ಕಟ್ಟಿದ ಅಣೆಕಟ್ಟಿನಿಂದ. ಸ್ವರ್ಣೆ ಇಳಿದು ಬರುವುದು ಇದೇ ಘಟ್ಟದ ಕಡೆಯಿಂದ. ಮಂಗಳೂರಿಗೆ ತುಂಬೆಯಲ್ಲಿ ನೀರು ಕೊಡುವ ನೇತ್ರಾವತಿ ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ, ತುಂಗಾ, ಭದ್ರಾ ಹುಟ್ಟುವ ಗಂಗಾಮೂಲದ ಬಳಿ. ಮಳೆಗಾಲದಲ್ಲಿ ನದಿ ತುಂಬುವುದು ದೊಡ್ಡ ವಿಷಯವಲ್ಲ, ಆಗ ನಮ್ಮ ಮನೆಯ ಅಂಗಳವೂ ತುಂಬುತ್ತದೆ. ಮಾರ್ಚಿನಲ್ಲಿ, ಏಪ್ರಿಲಿನಲ್ಲಿ ಒಂದು ತೊರೆ ಹರಿಯುತ್ತಿದ್ದರೆ ಅದು ಆ ಕಾಡು, ಆ ಹುಲ್ಲು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಟ್ಟ ನೀರು. 2019ರ ಬೇಸಿಗೆಯಲ್ಲಿ ಬಜೆಯಲ್ಲಿ ನೀರು ತಳ ಕಂಡಾಗ ಉಡುಪಿಯಲ್ಲಿ ಇದ್ದವರಿಗೆ ನೆನಪಿರಬಹುದು. ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ನಮ್ಮ ಓಣಿಯಲ್ಲಿ ಕೊಡ ಇಡುವ ಸಾಲಿನ ವಿಷಯಕ್ಕೆ ಮಾತು ಬಿಟ್ಟ ಎರಡು ಮನೆಯವರು ಈಗಲೂ ಮಾತಾಡುವುದಿಲ್ಲ. ಹನುಮನಗುಂಡಿಯಲ್ಲಿ ಭಾವ "ಇಷ್ಟೇಯಾ" ಅಂದ ನೀರು ಅಂಥ ಬೇಸಿಗೆಯ ನೀರು.

ಕುದುರೆಮುಖದ ಊರು ದಾಟುವಾಗ ಖಾಲಿ ಬಿದ್ದ ಕ್ವಾರ್ಟರ್ಸ್ ನೋಡಿ ಭಾವ ಸ್ವಲ್ಪ ಮೆತ್ತಗಾದರು. ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಅವರ ಸೋದರಮಾವ ಇಲ್ಲೇ ಕೆಲಸಕ್ಕಿದ್ದರಂತೆ. ರಜೆಯಲ್ಲಿ ಬಂದಾಗ ರಾತ್ರಿಯಿಡೀ ಲೈಟು, ಸಿನಿಮಾ, ಕ್ಲಬ್ಬು. ಕಂಪನಿ ಶುರುವಾದದ್ದು 1976ರಲ್ಲಿ. ಅದಿರನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವಾಯಿತು, ಗಣಿ ನಿಲ್ಲಲಿಲ್ಲ. ಅದು ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದ ಮೇಲೆ, 2005ರ ಕೊನೆಗೆ. ಎಷ್ಟೋ ಮನೆಗಳಿಗೆ ಅನ್ನ ಕೊಟ್ಟದ್ದು ನಿಜ, ಭದ್ರೆಗೆ ಕೆಂಪು ಹೂಳು ಇಳಿದದ್ದೂ ನಿಜ.

"ಅಲ್ಲಿಯೂ ಹಿಂದೆ ಕಬ್ಬಿಣ ಕರಗಿಸ್ತಿದ್ರಂತೆ," ಅಂದರು ಭಾವ. ನೂರಾರು ವರ್ಷ ಹಿಂದೆ ಆ ಕಣಿವೆಗಳಲ್ಲಿ ಕುಲುಮೆಗೆ ಅಂತ ಕಾಡು ಕಡಿದು ಬೋಳು ಮಾಡಿದ್ದರಂತೆ. ಈಗ ಇರುವುದು ಆಮೇಲೆ ಎದ್ದ ಕಾಡು. ಅಲ್ಲಿ ಪೂರ್ತಿ ಅಳಿದು ಹೋಗಿದ್ದ ಐಬೆಕ್ಸ್ ಕಾಡುಮೇಕೆಯನ್ನು 1920ರಲ್ಲಿ ಮತ್ತೆ ತಂದು ಬಿಟ್ಟರು, ಗಡ್ಡದ ರಣಹದ್ದನ್ನು 1991ರಿಂದ. ಇಷ್ಟು ಹೇಳಿ ಅವರೇ ಕೇಳಿದರು, "ಇದು 600 ಚದರ ಕಿಲೋಮೀಟರಾ? ನಮ್ಮದು 170 ಅಷ್ಟೇ." ಆ "ನಮ್ಮದು" ನನಗೆ ಸ್ವಲ್ಪ ಚುಚ್ಚಿತು, ಆದರೆ ಸುಮ್ಮನಿದ್ದೆ. ಅದರ ಮೂರು ಪಟ್ಟಿಗೂ ಜಾಸ್ತಿ ಅಂತ ಅವರೇ ಲೆಕ್ಕ ಹಾಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಪರೂಪದ ಸುಖ ಅದು.

ಹೊರನಾಡಿನಲ್ಲಿ ಊಟ ಮಾಡಿ ವಾಪಸ್ ಬರುವಾಗ ಹನುಮನಗುಂಡಿಯಲ್ಲಿ ಅದೇ ಮನುಷ್ಯ ಅದೇ ಕಟ್ಟೆಯ ಮೇಲೆ ಕೂತು ಸ್ಟೀಲ್ ಡಬ್ಬಿಯಿಂದ ಗಂಜಿ ಉಣ್ಣುತ್ತಿದ್ದ. ಹೊತ್ತು ಮೂರೂವರೆ. ಈ ಸಲ ಭಾವನೇ ಗಾಡಿ ನಿಲ್ಲಿಸಲು ಹೇಳಿದರು. ಇಳಿದು ಹೋಗಿ ಮಾತಾಡಿಸಿದರು.

"ಮಳೆ ಬಂದ ಮೇಲೆ ಎಂತ ಕೆಲಸ ನಿಮ್ಗೆ?"

"ಮಳೆ ಬಂದ್ರೆ ಇದು ಮುಗೀತು. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಹೋಗ್ತೇನೆ."

"ಆಗ ಇಲ್ಲಿ ಟೂರಿಸ್ಟು ಜಾಸ್ತಿ ಅಲ್ವಾ?"

"ಬರ್ತಾರೆ. ನಾನು ನೋಡ್ಲಿಕ್ಕೆ ಬರುವುದಿಲ್ಲ."

ಭಾವ ಪರ್ಸಿಗೆ ಕೈ ಹಾಕಿದರು, ಏನು ಯೋಚನೆ ಬಂತೋ, ಕೈ ತೆಗೆದರು. ಅದು ಒಳ್ಳೆಯದೇ ಆಯಿತು. ನಾನು ಸಂಬಳ ಎಷ್ಟು ಅಂತ ಕೇಳಿಬಿಟ್ಟೆ. ಅವನು ಹೇಳಿದ. ಈ ತಿಂಗಳದ್ದು ಇನ್ನೂ ಬಂದಿಲ್ಲ ಅಂತಲೂ ಹೇಳಿದ.

ಗಾಡಿ ಹೊರಟಿತು. ಎಸ್.ಕೆ. ಬಾರ್ಡರ್‌ವರೆಗೆ ಭಾವ ಗಪ್‌ಚಿಪ್. ಆಮೇಲೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ.

"ಇಂಥ ಕೆಲಸಕ್ಕೆ ಅಲ್ಲಿ ಗಂಟೆಗೆ ಎಷ್ಟು ಫ್ರಾಂಕ್ ಗೊತ್ತುಂಟಾ?"

"ಗೊತ್ತುಂಟು. ಹೇಳ್ಬೇಡಿ," ಅಂದಳು ಅಕ್ಕ ಹಿಂದಿನ ಸೀಟಿನಿಂದ. ಅವಳು ನಿದ್ದೆಯಲ್ಲಿದ್ದಾಳೆ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು.