ಪ್ರಥಮಫಲದ ಪಾಠದಲ್ಲಿ ಪರದೇಶಿ

ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ ಬೆಳೆದ ನನಗೆ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಎಂದರೆ ಚರ್ಚಿನ ಬೆಳೆ ಹಬ್ಬ. ಪ್ರಥಮಫಲವನ್ನು, ಅಂದರೆ ಬೆಳೆಯ ಮೊದಲ ಪಾಲನ್ನು, ಪುಟ್ಟಿಯಲ್ಲಿಟ್ಟು ದೇವರ ಮುಂದೆ ತರಬೇಕು ಎಂಬ ಮಾತಿನಿಂದ ಸಭಾಪಾಲಕರ ಪ್ರಸಂಗ ನೇರ ಕಾಣಿಕೆಗೆ ಬರುತ್ತಿತ್ತು. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಏಲಂ. ಬಾಳೆಗೊನೆ, ತೆಂಗಿನಕಾಯಿ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಹುಂಜ, ಯಾರೋ ಮನೆಯಲ್ಲಿ ಮಾಡಿ ತಂದ ಕೇಕ್. ಕೂಗುವುದು ತುಳುವಿನಲ್ಲಿ, ನಗು ಇಡೀ ಅಂಗಳದಲ್ಲಿ. ಕುಂಬಳಕಾಯಿಯನ್ನು ಗೆದ್ದವರು ಅದನ್ನೇ ಮತ್ತೆ ಸಭೆಗೆ ಕೊಡುತ್ತಾರೆ, ಅದು ಇನ್ನೊಮ್ಮೆ ಏಲಂಗೆ ಬರುತ್ತದೆ. ಸಭೆ ಎಂದರೆ ಏನು ಎಂದು ಮಕ್ಕಳಾಗಿ ನಾವು ಕಲಿತದ್ದು ಅರ್ಧ ಭಾನುವಾರ ಶಾಲೆಯಲ್ಲಿ, ಅರ್ಧ ಈ ಅಂಗಳದಲ್ಲಿ.

ಈಗ ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಮಂಗಳೂರಿಗೆ ಬಂದ ಮಿಶನರಿಗಳಲ್ಲಿ ಹಲವರು ಹೊರಟದ್ದು ಈ ವುರ್ಟೆಂಬರ್ಗ್ ಸೀಮೆಯಿಂದಲೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ಇಲ್ಲಿಂದ ದೂರವಿಲ್ಲ. ಇಲ್ಲಿನ ಭಾನುವಾರದ ಆರಾಧನೆ ತೀರ ಸರಳ: ಗೀತೆ, ಪ್ರಾರ್ಥನೆ, ಪಾಠ, ನಡುವೆ ದೀರ್ಘ ಪ್ರಸಂಗ. ಮೊದಲ ಸಲ ಕೂತಾಗಲೇ ಊರಿನ ಆರಾಧನೆಯ ಬೇರು ಕಂಡಂತಾಯಿತು. ಬೆಂಚುಗಳು ಮಾತ್ರ ಬಹುಪಾಲು ಖಾಲಿ.

ತುಂಬಿರುವುದು ಬುಧವಾರದ ಮನೆಕೂಟ. ಸಭಾಪಾಲಕರಿಲ್ಲದೆ ಸಭೆಯ ಜನರೇ ಕೂತು ಬೈಬಲ್ ಓದುವ ರೂಢಿ ಇಲ್ಲಿ ಹಳೆಯದು. ಇಂಥ ಕೂಟಗಳಿಗೆ 1743ರಲ್ಲೇ ಅಧಿಕೃತ ಅನುಮತಿ ಸಿಕ್ಕಿತ್ತು. ಒಬ್ಬರು ಓದುತ್ತಾರೆ, ಸ್ವಲ್ಪ ಹೊತ್ತು ಮೌನ, ಆಮೇಲೆ ಪ್ರತಿಯೊಬ್ಬರೂ ತಮಗೆ ತಾಗಿದ ವಚನ ಹೇಳುತ್ತಾರೆ. ಧರ್ಮೋಪದೇಶಕಾಂಡವನ್ನು ಮೊದಲಿನಿಂದ ಓದುತ್ತಾ ಒಂದು ಸಂಜೆ ಈ 26ನೇ ಅಧ್ಯಾಯಕ್ಕೆ ಬಂದೆವು.

ಪುಟ್ಟಿ ತಂದ ರೈತ ಅಲ್ಲಿ ತನ್ನ ಗದ್ದೆಯ ಬಗ್ಗೆ ಮೊದಲು ಮಾತಾಡುವುದಿಲ್ಲ. ನನ್ನ ಪೂರ್ವಿಕ ಅಲೆಮಾರಿ ಅರಾಮ್ಯನು (ಅರಾಮ್ ನಾಡಿನವನು), ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಿ ಪರದೇಶಿಯಾಗಿ ಬದುಕಿದನು ಎಂದು ಶುರುಮಾಡುತ್ತಾನೆ. ಕೊನೆಗೆ 11ನೇ ವಚನ: ಆ ದಿನದ ಸಂತೋಷದಲ್ಲಿ ದೇವರ ಸೇವೆಗೆ ನಿಂತ ಕುಲದವನಾದ ಲೇವಿಯೂ ನಿಮ್ಮ ನಡುವೆ ಇರುವ ಪರದೇಶಿಯೂ ಪಾಲುಗೊಳ್ಳಬೇಕು. ನಮ್ಮ ಕೂಟದ ಹಿರಿಯ ಹೆಂಗಸೊಬ್ಬರು ಇಲ್ಲಿ ಓದು ನಿಲ್ಲಿಸಿದರು. ಎರಡನೇ ಮಹಾಯುದ್ಧದ ನಂತರ ಪೂರ್ವದ ಊರುಗಳಿಂದ ಹೊರದೂಡಲ್ಪಟ್ಟ ಲಕ್ಷಾಂತರ ಜರ್ಮನರಲ್ಲಿ ಅವರ ತಾಯಿಯೂ ಒಬ್ಬರು. ಕೈಯಲ್ಲೊಂದು ಗಂಟು ಹಿಡಿದು ಬಂದ ತಾಯಿಗೆ ಇಲ್ಲಿನ ಸಭೆಯಲ್ಲಿ ಯಾರೂ ಬೆಂಚಿನಲ್ಲಿ ಸರಿದು ಜಾಗ ಕೊಡಲಿಲ್ಲವಂತೆ. ಹೇಳುವಾಗ ಅವರ ದನಿ ಗಟ್ಟಿಯಾಗಿತ್ತು. ಊರಲ್ಲಿ ರೈತನ ಜಾಗದಿಂದ ಕೇಳಿದ್ದ ಪಾಠವನ್ನು ವೀಸಾ ಹಿಡಿದು ಬಂದ ನಾನು ಅವತ್ತು ಪರದೇಶಿಯ ಜಾಗದಿಂದ ಕೇಳಿದೆ.

ಆ ರಾತ್ರಿ ನೆನಪಾದದ್ದು ನಮ್ಮವರದೇ ಚರಿತ್ರೆ. ದೀಕ್ಷಾಸ್ನಾನ ತೆಗೆದುಕೊಂಡ ಮೊದಲ ತಲೆಮಾರಿನ ಅನೇಕರು ಮನೆ, ಕುಲ, ಗೇಣಿ ಭೂಮಿ ಎಲ್ಲ ಕಳೆದುಕೊಂಡವರು. ಹಾಗೆ ಬಂದವರಿಗೆ ಕೆಲಸ ಬೇಕೆಂದೇ ಮಿಶನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅಲೆಮಾರಿ ಪೂರ್ವಿಕ ಎನ್ನುವಾಗ ನಾವು ಅರಾಮ್ಯನವರೆಗೆ ಹೋಗಬೇಕಿಲ್ಲ. ಮಂಗಳೂರಿನಲ್ಲಿ ಆ ಹಂಚಿನ ಕಾರ್ಖಾನೆ ಇದ್ದ ಜೆಪ್ಪುವಿನ ತನಕ ನಡೆದರೆ ಸಾಕು. ನಮ್ಮ ಬೆಳೆ ಹಬ್ಬದಲ್ಲಿ ಈ ಹೆಸರಿಲ್ಲದ ಅಜ್ಜ ಅಜ್ಜಿಯರ ಕತೆಯನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಪಾಠದ ಅರ್ಧವನ್ನಷ್ಟೇ ಓದಿದಂತೆ ಎಂದು ನನ್ನ ನಂಬಿಕೆ.

ಕಳೆದ ರಜೆಯಲ್ಲಿ ಊರಿಗೆ ಬಂದಾಗ ಆರಾಧನೆಯ ನಂತರ ಅಂಗಳದಲ್ಲಿ ನಿಂತು ಗಮನಿಸಿದೆ. ಒಳಗೆ ಎಲ್ಲರದೂ ಕನ್ನಡ. ಹೊಸ್ತಿಲು ದಾಟಿದೊಡನೆ ಮಾತು ತುಳುವಿಗೆ ತಿರುಗುತ್ತದೆ. ಅದು ನಮ್ಮ ಪ್ರೀತಿಯ ಭಾಷೆ, ಬಿಡಬೇಕೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಗದಗದ ಕಡೆಯಿಂದ ನರ್ಸಿಂಗ್ ಓದಲು ಬಂದ ಹುಡುಗಿಯೊಬ್ಬಳು ಮೆಟ್ಟಿಲ ಬಳಿ ಒಬ್ಬಳೇ ನಿಂತು ಫೋನ್ ನೋಡುತ್ತಿದ್ದಳು. ಬಾಸೆಲ್ ಮಿಶನ್ ಗದಗದ ಪಕ್ಕದ ಬೆಟಗೇರಿಯಲ್ಲೂ ದುಡಿದದ್ದೇ, ಅವಳೂ ನಾವು ಹಾಡುವ ಗೀತೆಗಳನ್ನೇ ಹಾಡಿ ಬೆಳೆದವಳು. ಅವಳ ಹಿಂದೆ, ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆಯ ಒಂದು ಕುಟುಂಬ. ಯಾರೂ ಅವರನ್ನು ಕಡೆಗಣಿಸಬೇಕೆಂದು ಕಡೆಗಣಿಸಿದ್ದಲ್ಲ, ಸುತ್ತ ನಿಂತವರಲ್ಲಿ ಯಾರ ಕಣ್ಣಿಗೂ ಅವರು ಬೀಳಲಿಲ್ಲ, ಅಷ್ಟೆ. ಇಲ್ಲಿ ಜರ್ಮನಿಯಲ್ಲಿ ಕಾಫಿ ಲೋಟ ಹಿಡಿದು ಹಾಗೆಯೇ ನಿಂತ ಭಾನುವಾರಗಳು ನನಗೆ ಚೆನ್ನಾಗಿ ಗೊತ್ತು. ಒಬ್ಬರು ಬಂದು ಹೆಸರು ಕೇಳಿದರೆ ಇಡೀ ವಾರ ಹಗುರಾಗುತ್ತದೆ.

ಅದಕ್ಕೇ ಊರಿನ ಸಭಾ ಹಿರಿಯರಿಗೆ ಎರಡು ವಿಷಯ ಬರೆದು ಕಳಿಸಿದ್ದೇನೆ. ಏಲಂ ಕೂಗುವಾಗ ತುಳುವಿನ ಜೊತೆಗೆ ಕನ್ನಡದಲ್ಲೂ ಕೂಗಲಿ. ಬೆಳೆ ಹಬ್ಬದ ದಿನ 26ನೇ ಅಧ್ಯಾಯವನ್ನು 11ನೇ ವಚನದ ತನಕ ಪೂರ್ತಿ ಓದಲಿ, ಓದುವವರು ಹೊರಗಿನಿಂದ ಬಂದವರಲ್ಲಿ ಒಬ್ಬರಾಗಲಿ. ಮೊದಲನೆಯದಕ್ಕೆ ಒಪ್ಪಿಗೆ ಬಂದಿದೆ. ಎರಡನೆಯದನ್ನು ಕಮಿಟಿಯಲ್ಲಿ ಇಡುತ್ತಾರಂತೆ. ಗದಗದ ಆ ಹುಡುಗಿಯನ್ನು ಓದುತ್ತೀಯಾ ಎಂದು ಕೇಳುವ ಕೆಲಸವನ್ನು ನನ್ನ ಅಕ್ಕ ವಹಿಸಿಕೊಂಡಿದ್ದಾಳೆ.