ಇದಲ್ಲ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲ

“ಸಿಗದಿದ್ರೆ ಬಿಡು ಮಾಮ, ಅದೇ ಥರದ್ದು ಇನ್ನೊಂದು ಮಾಡಿಕೊಡ್ತೀನಿ.”

ಹೆಸರು ಗೊತ್ತಿಲ್ಲದ ಹಳೆಯ ಹಾಡೊಂದನ್ನು ಹುಡುಕುತ್ತಿರುವ ನನಗೆ ಮೊನ್ನೆ ಭಾನುವಾರ ಅಕ್ಕನ ಮಗ ಹೇಳಿದ ಮಾತಿದು. ಅವತ್ತಿನಿಂದ ತಲೆ ಬಿಟ್ಟು ಹೋಗಿಲ್ಲ. ಅವನ ಮೇಲೆ ಸಿಟ್ಟೇನೂ ಇಲ್ಲ. ಒಳ್ಳೆಯ ಹುಡುಗ. ಎದುರಿಗಿರುವವರು ಪರದಾಡುತ್ತಿದ್ದರೆ ನೋಡಿಕೊಂಡು ಸುಮ್ನೆ ಕೂರುವವನಲ್ಲ. ನಾನು ಗುನುಗಿದ್ದನ್ನು ತಾಳ್ಮೆಯಿಂದ ಕೇಳಿದ. 1980ರ ದಶಕದ ಇಂಗ್ಲಿಷ್ ಪಾಪ್ ಹಾಡು, ಹೆಣ್ಣು ದನಿ, ಗಾಜಿನ ಲೋಟ ತಟ್ಟಿದ ಹಾಗೆ ಕೇಳುವ ಕೀಬೋರ್ಡ್, ಜೋರು ಡ್ರಮ್, ಸ್ವಲ್ಪ ಬೇಸರದ ಧಾಟಿ ಅಂತೆಲ್ಲ ಟೈಪ್ ಮಾಡಿದ. ನೋಡನೋಡುತ್ತಲೇ ಎಐ ಒಂದು ಹಾಡು ಹೊಸೆದು ಕೊಟ್ಟಿತು. ನಾನು ಹೇಳಿದ್ದೆಲ್ಲ ಅದರಲ್ಲಿತ್ತು. ಕೇಳಲು ಚೆನ್ನಾಗಿಯೂ ಇತ್ತು.

“ಇದೇನಾ?”

“ಇದಲ್ಲ.”

“ಯಾಕಲ್ಲ? ಏನು ಕಮ್ಮಿ ಆಯ್ತು?”

ಏನು ಕಮ್ಮಿ ಅಂತ ಹೇಳಲು ನನಗೆ ಬರಲಿಲ್ಲ. ಆದರೆ ಅಲ್ಲ ಅನ್ನುವುದು ಮೊದಲ ಸಾಲು ಮುಗಿಯುವ ಮುಂಚೆಯೇ ಗೊತ್ತಾಗಿತ್ತು. ನನ್ನನ್ನು ಕಾಡುತ್ತಿರುವುದು ಇದೇ. ಯಾವ ಹಾಡು ಅಂತ ಹೇಳಲಾಗದವನು, ಯಾವುದು ಅಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳಿದೆ?

ಆ ಹಾಡು ನಮ್ಮ ಮನೆಗೆ ಬಂದದ್ದು ರೇಡಿಯೋದಿಂದ. ಅಕ್ಕ ಟೂ-ಇನ್-ಒನ್ ಮುಂದೆ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಹಾಡು ಶುರುವಾದ ತಕ್ಷಣ ರೆಕಾರ್ಡ್. ನಿರೂಪಕ ಬಾಯಿ ತೆರೆದ ತಕ್ಷಣ ಸ್ಟಾಪ್. ಅವಳಿಗೆ ಹಾಡು ಬೇಕಿತ್ತು, ಮಾತು ಬೇಕಿರಲಿಲ್ಲ. ಹಾಡಿನ ಹೆಸರು, ಹಾಡಿದವರ ಹೆಸರು ಎರಡೂ ಇದ್ದದ್ದು ಆ ಮಾತಿನಲ್ಲೇ.

60 ನಿಮಿಷದ ಕ್ಯಾಸೆಟ್. ಒಂದು ಬದಿಗೆ 30 ನಿಮಿಷ. ಈ ಹಾಡು ಮೊದಲ ಬದಿಯ ಕೊನೆಯಲ್ಲಿತ್ತು. ಎರಡನೇ ಸಲ ಪಲ್ಲವಿ ಬರುತ್ತದೆ, ಆಕೆ ‘ಟುನೈಟ್’ ಅಂತ ದನಿಯನ್ನು ಮೇಲಕ್ಕೆ ಒಯ್ಯುತ್ತಾಳೆ, ಆ ಎತ್ತರದಲ್ಲಿರುವಾಗಲೇ ಟೇಪ್ ಮುಗಿದು ಗುಂಡಿ ಟಕ್ ಅಂತ ಮೇಲೇಳುತ್ತದೆ. ಅಷ್ಟೇ. ಆ ಟಕ್ ನನ್ನ ಪಾಲಿಗೆ ಹಾಡಿನದೇ ಒಂದು ಭಾಗ. ಹಾಡು ಹೇಗೆ ಮುಗಿಯುತ್ತದೆ ಅಂತ ಇವತ್ತಿನವರೆಗೂ ನಾನು ಕೇಳಿಲ್ಲ.

ಕ್ಯಾಸೆಟ್ಟನ್ನು ಅಕ್ಕನ ಗೆಳತಿಯೊಬ್ಬಳು ಕೇಳಿ ಕೊಡ್ತೀನಿ ಅಂತ ಒಯ್ದಳು. ಕೊಡಲೇ ಇಲ್ಲ. ಬೇರೆಯವರ ಕ್ಯಾಸೆಟ್ ಒಯ್ದು ವಾಪಸ್ ಕೊಡದವರ ಬಗ್ಗೆ ನನಗೆ ಇನ್ನೂ ಕೋಪ ಇದೆ. ಅಂಗಡಿಯಲ್ಲಿ ಕೊಂಡದ್ದು ಕಳೆದರೆ ಇನ್ನೊಂದು ಸಿಗುತ್ತದೆ. ಮನೆಯಲ್ಲಿ ರೇಡಿಯೋದಿಂದ ತುಂಬಿಸಿಕೊಂಡದ್ದು ಜಗತ್ತಿನಲ್ಲಿ ಒಂದೇ ಇರುತ್ತದೆ.

ಹಾಡು ಕೇಳಿ ಹೆಸರು ಹೇಳುವ ಶಝಾಮ್‌ಗೆ ಕೇಳಿಸಬಹುದಲ್ವಾ ಅಂತ ಎಲ್ಲರೂ ಹೇಳುತ್ತಾರೆ. ಅದು 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದಾಗ 2580ಕ್ಕೆ ಕರೆ ಮಾಡಿ, ಹಾಡು ಬರುತ್ತಿರುವ ಕಡೆ ಫೋನ್ ಹಿಡಿಯಬೇಕಿತ್ತು. ಹಾಡಿನ ಹೆಸರು ಎಸ್ಸೆಮ್ಮೆಸ್‌ನಲ್ಲಿ ಬರುತ್ತಿತ್ತು. ಯಾವ ಕ್ಷಣದಲ್ಲಿ ಯಾವ ಸ್ವರ ಎದ್ದು ಕೇಳುತ್ತಿದೆ ಅಂತ ಗುರುತು ಹಾಕಿಕೊಂಡು, ತನ್ನ ಬಳಿ ಇರುವ ರೆಕಾರ್ಡಿಂಗ್‌ಗಳ ಜೊತೆ ತಾಳೆ ನೋಡುವುದು ಅದರ ಕೆಲಸ. ಹಾಗಾಗಿ ಅದೇ ರೆಕಾರ್ಡಿಂಗ್ ಎದುರಿಗೆ ಬರುತ್ತಿರಬೇಕು. ನನ್ನ ತಲೆಯೊಳಗೆ ಬರುತ್ತಿರುವುದು ಅದಕ್ಕೆ ಕೇಳಿಸುವುದಿಲ್ಲ. 2020ರಲ್ಲಿ ಗೂಗಲ್ ಗುನುಗಿ ಹುಡುಕುವ ಸೌಲಭ್ಯ ತಂದಿತು. 10ರಿಂದ 15 ಸೆಕೆಂಡ್ ಗುನುಗಿದರೆ, ಯಾವ ಹಾಡಿಗೆ ಶೇಕಡಾ ಎಷ್ಟು ಹೊಂದುತ್ತದೆ ಅಂತ ಪಟ್ಟಿ ಕೊಡುತ್ತದೆ. ಬಾಗಿಲು ಹಾಕಿಕೊಂಡು ಗುನುಗಿದೆ. ಪಟ್ಟಿಯಲ್ಲಿ ಬಂದ ಒಂದೊಂದನ್ನೂ ಕೇಳಿದೆ. ಇದಲ್ಲ. ಇದೂ ಅಲ್ಲ. ಇನ್ನು ನನಗೆ ನೆನಪಿರುವ ಒಂದೇ ಪದ ಹಿಡಿದು ಹುಡುಕೋಣ ಅಂದರೆ, ‘ಟುನೈಟ್’ ಇಲ್ಲದ ಪ್ರೇಮಗೀತೆಯೇ ಆ ಕಾಲದಲ್ಲಿ ಅಪರೂಪ.

ಸಂಗೀತ ಗೊತ್ತಿರುವ ಗೆಳೆಯನೊಬ್ಬ ಇದ್ದಾನೆ. ಮಾತು ಕಮ್ಮಿ, ಮುಖ ಗಂಟು. ಆದರೆ ಇಷ್ಟು ಜನರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದವನು ಅವನೇ. ಗಾಜಿನ ದನಿಯ ಕೀಬೋರ್ಡ್ ಅಂದ ಕೂಡಲೇ ತನ್ನ ಫೋನಿನಲ್ಲಿ ಒಂದು ದನಿ ನುಡಿಸಿ ತೋರಿಸಿ, “ಹೀಗಾ?” ಅಂದ. ಹೀಗೇ! ಅದು ಯಮಹಾ ಡಿಎಕ್ಸ್7 ಅನ್ನುವ ಸಿಂಥಸೈಜರ್‌ನ ಎಲೆಕ್ಟ್ರಿಕ್ ಪಿಯಾನೋ ದನಿ. ಆ ವಾದ್ಯ ಬಂದದ್ದು 1983ರಲ್ಲಿ. ಆ ದಶಕದ ಎಷ್ಟೋ ನಿಧಾನದ ಹಾಡುಗಳು ಆ ದನಿಯ ಮೇಲೇ ನಿಂತಿವೆ. “ಹಾಗಾದ್ರೆ 1983ಕ್ಕಿಂತ ಹಿಂದಿನದ್ದಲ್ಲ, ಅಷ್ಟು ಹೇಳಬಲ್ಲೆ” ಅಂತ ಎದ್ದು ಹೋದ. ಮಬ್ಬಾಗಿದ್ದ ಹಾಡಿಗೆ ಒಂದು ಕಾಲ ಸಿಕ್ಕಿತು. ಅವತ್ತು ರಾತ್ರಿ ನನಗೆ ಖುಷಿಯಿಂದ ನಿದ್ದೆ ಬರಲಿಲ್ಲ.

ಜರ್ಮನಿಯ ಒಂದು ಕತೆ ಕೇಳಿದ ಮೇಲಂತೂ ಆಸೆ ಜಾಸ್ತಿಯಾಗಿದೆ. 1984ರ ಸುಮಾರಿಗೆ ಅಲ್ಲಿನ ಒಬ್ಬ ಹುಡುಗ ಎನ್‌ಡಿಆರ್ ರೇಡಿಯೋದಿಂದ ಕ್ಯಾಸೆಟ್‌ಗೆ ಒಂದು ಹಾಡು ತುಂಬಿಸಿಕೊಂಡ. ಅವನೂ ನಮ್ಮ ಅಕ್ಕನ ಥರವೇ, ನಿರೂಪಕರ ಮಾತನ್ನು ಬಿಟ್ಟು ಹಾಡಷ್ಟನ್ನೇ ಉಳಿಸಿಕೊಳ್ಳುತ್ತಿದ್ದನಂತೆ. 2007ರಲ್ಲಿ ಅವನ ಸೋದರಿ ಆ ತುಣುಕನ್ನು ಇಂಟರ್ನೆಟ್ಟಿಗೆ ಹಾಕಿ, ಇದು ಯಾರ ಹಾಡು ಅಂತ ಕೇಳಿದಳು. ಯಾರಿಗೂ ಗೊತ್ತಿಲ್ಲ. ಎಷ್ಟೋ ದೇಶಗಳ ಜನ ಹುಡುಕಿದರು. ಉತ್ತರ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಫೆಕ್ಸ್ ಅನ್ನುವ, ಹೊರಗೆ ಯಾರೂ ಹೆಸರು ಕೇಳಿರದ ಜರ್ಮನ್ ಬ್ಯಾಂಡ್. ಅದನ್ನು ಪತ್ತೆ ಮಾಡಿದ್ದು ಯಾವ ಆ್ಯಪ್ ಕೂಡ ಅಲ್ಲ. ಹಳೆಯ ಪತ್ರಿಕೆ ತಿರುವಿ ಹಾಕಿ, ಬ್ಯಾಂಡಿನವರನ್ನೇ ಸಂಪರ್ಕಿಸಿದ ಮನುಷ್ಯರು. ತಮಗೆ ಯಾವ ಲಾಭವೂ ಇಲ್ಲದ ಕೆಲಸಕ್ಕೆ ವರ್ಷಗಟ್ಟಲೆ ತಲೆ ಕೊಟ್ಟ ಆ ಜನರ ಮೇಲೆ ನನಗೆ ತುಂಬ ಗೌರವ.

ಮತ್ತೆ ಅಕ್ಕನ ಮಗನ ಪ್ರಶ್ನೆಗೇ ಬರುತ್ತೇನೆ. ಏನು ಕಮ್ಮಿ ಆಯ್ತು?

ಡೇನಿಯಲ್ ಲೆವಿಟಿನ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದ. ಸಾಮಾನ್ಯ ಜನರನ್ನು ಕರೆದು, ನಿಮಗಿಷ್ಟವಾದ ಪಾಪ್ ಹಾಡನ್ನು ನೆನಪಿನಿಂದಲೇ ಹಾಡಿ ಅಂದ. ಅವರು ಹಾಡಿದ್ದರಲ್ಲಿ ಶೇಕಡಾ 72ರಷ್ಟು, ವೇಗದಲ್ಲಿ ಮೂಲ ರೆಕಾರ್ಡಿಗಿಂತ ಶೇಕಡಾ 8ಕ್ಕಿಂತ ಹೆಚ್ಚು ಆಚೀಚೆ ಆಗಿರಲಿಲ್ಲ. ಎಷ್ಟೋ ಜನ ಶ್ರುತಿಯನ್ನೂ ಮೂಲದ ಹತ್ತಿರವೇ ಹಿಡಿದಿದ್ದರು. ಹಾಡು ಒಳಗೆ ಉಳಿಯುವುದು ಅಂದಾಜಿನಲ್ಲಿ ಅಲ್ಲ. ಅದೇ ನಡೆ, ಅದೇ ಎತ್ತರ, ಸುಮಾರಾಗಿ ಅದೇ ಹಾಡು. ನಾನು ಹೆಸರು ಮರೆತಿರಬಹುದು, ಮಾತು ಮರೆತಿರಬಹುದು. ಆಕೆ ಎಲ್ಲಿ ಉಸಿರು ತೆಗೆದುಕೊಂಡಳು ಅನ್ನುವುದು ಮರೆತಿಲ್ಲ. ಪಲ್ಲವಿಗೆ ಮುಂಚೆ ಒಂದು ಪುಟ್ಟ ಉಸಿರು ಕೇಳಿಸುತ್ತದೆ. ಎಐ ಹಾಡಿನಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ.

ಉಸಿರು ಸೇರಿಸು ಅಂದರೆ ಅದನ್ನೂ ಸೇರಿಸುತ್ತದೆ, ಗೊತ್ತು. ಆದರೆ ನನಗೆ ಬೇಕಾಗಿರುವುದು ಉಸಿರಿನ ಸದ್ದಲ್ಲ. ಯಾವುದೋ ಊರಿನ ಸ್ಟುಡಿಯೋದಲ್ಲಿ, ಯಾವುದೋ ಒಂದು ದಿನ, ಒಬ್ಬ ಹೆಂಗಸು ಮೈಕಿನ ಮುಂದೆ ನಿಂತು ಉಸಿರೆಳೆದುಕೊಂಡು ಹಾಡಿದ್ದಳು. ಪಕ್ಕದಲ್ಲಿ ಯಾರೋ ಕೀಬೋರ್ಡ್ ನುಡಿಸುತ್ತಿದ್ದರು. ಅವರಿಗೆ ಈಗ ವಯಸ್ಸಾಗಿರುತ್ತದೆ. ಹಾಡು ಓಡಲಿಲ್ಲ ಅಂತ ಬೇರೆ ಕೆಲಸ ನೋಡಿಕೊಂಡಿರಲೂಬಹುದು. ತಮ್ಮ ಅರ್ಧ ಹಾಡನ್ನು ಯಾರೋ ಇಷ್ಟು ವರ್ಷ ಜೋಪಾನ ಮಾಡಿಕೊಂಡಿದ್ದಾರೆ ಅಂತ ಅವರಿಗೆ ಗೊತ್ತಾಗಬೇಡವೇ? ನಾನು ಒಂದು ಬಗೆಯ ಸಂಗೀತವನ್ನು ಹುಡುಕುತ್ತಿಲ್ಲ. ಅವರನ್ನು ಹುಡುಕುತ್ತಿದ್ದೇನೆ. ಇದನ್ನು ಅಕ್ಕನ ಮಗನಿಗೆ ಅವತ್ತೇ ಹೇಳಬೇಕಿತ್ತು, ಮಾತು ಹೊಳೆದದ್ದು ಈಗ.

ನಿನ್ನೆ ಅಕ್ಕನಿಗೆ ಫೋನ್ ಮಾಡಿ ನಿನ್ನ ಮಗ ಹೀಗಂದ ಅಂತ ಹೇಳಿದೆ. ಅವಳು ಮಗನ ಪರವೂ ವಹಿಸಲಿಲ್ಲ, ನನ್ನ ಪರವೂ ವಹಿಸಲಿಲ್ಲ. “ಎಲ್ಲಿ, ಗುನುಗು ನೋಡೋಣ” ಅಂದಳು. ಗುನುಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಉಸಿರು ಬಿಡುವ ಜಾಗದಲ್ಲಿ ಅವಳು ಇನ್ನೊಂದು ಸಣ್ಣ ಧಾಟಿ ಸೇರಿಸಿದಳು, ತಗ್ಗಿದ ದನಿಯಲ್ಲಿ.

“ಹಿಂದೆ ಒಬ್ಬ ಗಂಡಸು ಉತ್ತರ ಕೊಡ್ತಾ ಇರ್ತಾನೆ ಕಣೋ. ಅವನನ್ನ ಬಿಟ್ಟೇಬಿಟ್ಯಲ್ಲ?”

ಮೈ ಝುಮ್ಮೆಂದಿತು. ಇದೇ! ಆ ಗಂಡಸಿನ ದನಿ ನನ್ನ ನೆನಪಿನಲ್ಲಿ ಇರಲೇ ಇಲ್ಲ, ಆದರೂ ಅವಳು ಗುನುಗಿದ ಕ್ಷಣದಲ್ಲೇ ಅದರ ಗುರುತು ಸಿಕ್ಕಿತು. ಇಬ್ಬರೂ ಫೋನಿನಲ್ಲಿ ಅದನ್ನೇ ಮತ್ತೆ ಮತ್ತೆ ಗುನುಗಿದೆವು, ಅವಳು ಅವನ ಸಾಲು, ನಾನು ಆಕೆಯ ಸಾಲು. ‘ಟುನೈಟ್’ ಬಂದ ತಕ್ಷಣ ಇಬ್ಬರೂ ಒಟ್ಟಿಗೇ ನಿಂತೆವು. ಅವಳಿಗೂ ಮುಂದಿನದ್ದು ಗೊತ್ತಿಲ್ಲ.

ಹಾಗಾಗಿ ಓದುತ್ತಿರುವ ನಿಮ್ಮನ್ನು ಕೇಳುತ್ತಿದ್ದೇನೆ. 1983 ಅಥವಾ ಅದರ ನಂತರದ ಹಾಡು. ಹೆಣ್ಣು ದನಿ ಮುಂದೆ, ಗಂಡು ದನಿ ಹಿಂದೆ. 1975ರಲ್ಲಿ ಡೆನಿಸ್ ಪಾರ್ಸನ್ಸ್ ಅನ್ನುವ ಬ್ರಿಟಿಷ್ ಲೇಖಕ, ಸಂಗೀತ ಕಲಿಯದವರೂ ಧಾಟಿ ಹುಡುಕಲಿ ಅಂತ ಒಂದು ಸುಲಭದ ದಾರಿ ಮಾಡಿದ್ದ. ಒಂದೊಂದು ಸ್ವರವೂ ಹಿಂದಿನದಕ್ಕಿಂತ ಮೇಲೋ, ಕೆಳಗೋ, ಇಲ್ಲ ಅದೇ ಸ್ವರವೋ ಅಂತ ಬರೆದುಕೊಂಡರೆ ಸಾಕು. ಆ ಲೆಕ್ಕದಲ್ಲಿ ನಮ್ಮ ಪಲ್ಲವಿ ಹೀಗೆ: ಮೇಲೆ, ಮೇಲೆ, ಅದೇ, ಕೆಳಗೆ, ಮೇಲೆ, ಕೆಳಗೆ, ಕೆಳಗೆ. ಕೊನೆಗೆ ‘ಟುನೈಟ್’ ಅಂತ ಒಂದು ದೊಡ್ಡ ಏರು. ಹೆಸರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹೆಸರು ಗೊತ್ತಿಲ್ಲದಿದ್ದರೂ, ಆ ಏರಿನ ನಂತರದ ಒಂದೇ ಒಂದು ಸಾಲು ನಿಮ್ಮ ತಲೆಯಲ್ಲಿ ಉಳಿದಿದ್ದರೆ ಅದನ್ನೇ ಗುನುಗಿ ಕಳಿಸಿ.