ಲೂಸಿಯಾನಾಗೆ ಹೋಗುವವರಿಗೆ: ನ್ಯೂ ಆರ್ಲಿಯನ್ಸ್ ಒಂದು ರಾತ್ರಿ ಸಾಕು

ಹ್ಯೂಸ್ಟನ್ ಕಡೆಯ ನಮ್ಮವರು ಲಾಂಗ್ ವೀಕೆಂಡ್ ಸಿಕ್ಕಿದರೆ ಐ-10 ಹೆದ್ದಾರಿ ಹಿಡಿದು ಸೀದಾ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಾರೆ. ಅಲ್ಲಿನ ಹಳೇ ಪೇಟೆ ಫ್ರೆಂಚ್ ಕ್ವಾರ್ಟರ್ ಸುತ್ತಿ ವಾಪಸ್ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮಗೆ ಇಷ್ಟವಾಗಿದ್ದೆಲ್ಲ ಸಿಕ್ಕಿದ್ದು ದಾರಿಯಲ್ಲಿ ಸಿಗುವ ಲಫಯೆಟ್ ಊರಿನ ಸುತ್ತಮುತ್ತ, ದುಡ್ಡು ಹೋಗಿದ್ದೆಲ್ಲ ನ್ಯೂ ಆರ್ಲಿಯನ್ಸ್‌ನಲ್ಲಿ.

ಮೊದಲು ಆ ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಕ್ವಾರ್ಟರ್ ಅಂಚಿನಲ್ಲಿ ಒಂದು ಹಳೇ ಹೋಟೆಲ್. ಬಾಡಿಗೆ ಪರವಾಗಿಲ್ಲ ಅಂತ ಬುಕ್ ಮಾಡಿದ್ದೆವು. ಕಾರು ನಿಲ್ಲಿಸಿದ ಕೂಡಲೇ ಒಬ್ಬ ಹುಡುಗ ಬಂದು ಕೀ ಕೇಳಿದ. ನಾವೇ ಪಾರ್ಕ್ ಮಾಡುವ ಹಾಗಿಲ್ಲ, ಅವರೇ ತೆಗೆದುಕೊಂಡು ಹೋಗುತ್ತಾರೆ, ಒಂದು ರಾತ್ರಿಗೆ 52 ಡಾಲರ್, ಟ್ಯಾಕ್ಸ್ ಬೇರೆ, ಕಾರು ತರಿಸಿದಾಗೆಲ್ಲ ಟಿಪ್ಸ್ ಬೇರೆ. ರೂಮು ನೆಲಮಹಡಿಯಲ್ಲಿ. ಕಾರ್ಪೆಟ್ ಮೇಲೆ ಬರಿಗಾಲಿಟ್ಟರೆ ತಣ್ಣಗೆ ಒದ್ದೆ. ಬೂಷ್ಟಿನ ವಾಸನೆ ಬೆಡ್‌ಶೀಟಿಗೂ ಹತ್ತಿತ್ತು. ಬೇರೆ ರೂಮ್ ಕೊಡಿ ಅಂದರೆ ಎಲ್ಲಾ ಫುಲ್ ಅಂದರು. ಅಲ್ಲಿ ವರ್ಷಕ್ಕೆ ಸುಮಾರು 1,600 ಮಿ.ಮೀ. ಮಳೆ. ನಮ್ಮಲ್ಲಿಯಂತೆ ಮಳೆಗಾಲ, ಬೇಸಿಗೆ ಅಂತ ಬೇರೆ ಬೇರೆ ಇಲ್ಲ, ಎಲ್ಲಾ ತಿಂಗಳೂ ಸುರಿಯುತ್ತದೆ. ಊರಿನ ಬಹುಭಾಗ ತಗ್ಗಿನಲ್ಲಿದೆ, ಎಷ್ಟೋ ಬಡಾವಣೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ, ಬಿದ್ದ ನೀರನ್ನು ಪಂಪ್ ಮಾಡಿಯೇ ಹೊರಗೆ ಹಾಕಬೇಕು. ಹಾಗಾಗಿ ಹಳೇ ಕಟ್ಟಡದಲ್ಲಿ ನೆಲಮಹಡಿ ಬೇಡ ಅಂತ ಮೊದಲೇ ಹೇಳಿ. ಇನ್ನೂ ಒಳ್ಳೆಯದೆಂದರೆ, ಪಾರ್ಕಿಂಗ್ ಸೇರಿಸಿ ಕೊಡುವ ರೂಮನ್ನು ಸೇಂಟ್ ಚಾರ್ಲ್ಸ್ ರಸ್ತೆ ಕಡೆ ಹಿಡಿದು ಟ್ರಾಮ್‌ನಲ್ಲಿ ಬನ್ನಿ. 1835ರಿಂದ ಇರುವ ಮಾರ್ಗ, ಟಿಕೆಟ್ ಬರೀ 1.25 ಡಾಲರ್.

ಈಗ ಊಟ. ಲಫಯೆಟ್‌ನಲ್ಲಿ ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ ತೆರೆಯುವ ಸಣ್ಣ ಸಣ್ಣ ಹೋಟೆಲುಗಳಿವೆ. ಪ್ಲೇಟ್ ಲಂಚ್ ಅಂತ ಬೋರ್ಡ್ ಇರುತ್ತದೆ. ಹನ್ನೊಂದಕ್ಕೇ ಹೋಗಿ, ಒಂದೂವರೆಗೆಲ್ಲ ಪಾತ್ರೆ ಖಾಲಿ. ನಾವು ಹೋದ ಕಡೆ ಪೈಪ್ ಕೆಲಸದವರು, ಆಸ್ಪತ್ರೆಯ ನರ್ಸ್‌ಗಳು, ವಯಸ್ಸಾದ ದಂಪತಿಗಳು, ಎಲ್ಲರೂ ಒಂದೇ ಸಾಲಿನಲ್ಲಿ ಟ್ರೇ ಹಿಡಿದು ನಿಂತಿದ್ದರು. ಮೊದಲು ಒಂದು ಗುಡ್ಡೆ ಅನ್ನ. ಅದರ ಮೇಲೆ ಈರುಳ್ಳಿ, ಮಾಂಸ ಕಂದು ಬಣ್ಣಕ್ಕೆ ತಿರುಗುವವರೆಗೆ ಬೇಯಿಸಿದ ಗ್ರೇವಿ. ಪಕ್ಕದಲ್ಲಿ ಬೆಂಡೆಕಾಯಿ! ಟೊಮೇಟೊ ಹಾಕಿ, ಲೋಳೆಯೆಲ್ಲ ಹೋಗಿ ಕರಗುವಷ್ಟು ಹೊತ್ತು ಸಣ್ಣ ಉರಿಯಲ್ಲಿ ಬೇಯಿಸಿದ್ದು. ಗುಲಾಮರಾಗಿ ಬಂದ ಆಫ್ರಿಕಾದವರ ಜೊತೆ ಈ ನೆಲಕ್ಕೆ ಬಂದ ತರಕಾರಿ ಅದು. ಅಮೆರಿಕದಲ್ಲಿ ಹೊರಗೆ ತಿಂದು ಇಷ್ಟು ಹೊಟ್ಟೆ ತುಂಬಿದ್ದು ನನಗೆ ನೆನಪಿಲ್ಲ, ಒಬ್ಬರಿಗೆ 13 ಡಾಲರ್ ಆಯಿತು ಅಷ್ಟೇ. ಮಾಂಸ ತಿನ್ನುವವರು ಪಕ್ಕದ ಸ್ಕಾಟ್ ಊರಿನಲ್ಲಿ ಬೂಡಾನ್ ತಿನ್ನದೆ ಮುಂದೆ ಹೋಗಬೇಡಿ. ಹಂದಿಮಾಂಸ, ಅನ್ನ, ಈರುಳ್ಳಿ ಸೊಪ್ಪು ತುಂಬಿದ ಸಾಸೇಜ್, ಪೆಟ್ರೋಲ್ ಬಂಕಿನಲ್ಲೂ ಬಿಸಿಬಿಸಿ ಸಿಗುತ್ತದೆ. ತುದಿ ಕಚ್ಚಿ, ಒಳಗಿನದನ್ನು ಹಿಂಡಿ ಬಾಯಿಗೆ ಹಾಕಿಕೊಳ್ಳಬೇಕು.

ಆ ಅನ್ನ ಎಲ್ಲಿಂದ ಬಂತು ಅಂತ ನೋಡಬೇಕಾದರೆ ಕ್ರೌಲಿ ಕಡೆ ಹೆದ್ದಾರಿ ಬಿಟ್ಟು ಒಳಗೆ ಹೋಗಿ. ಕಣ್ಣು ಹಾಯಿಸಿದಷ್ಟು ದೂರ ಗದ್ದೆ. ಕೆಳಗೆ ಗಟ್ಟಿ ಜೇಡಿ ಇರುವುದರಿಂದ ನೀರು ಇಂಗುವುದಿಲ್ಲ. ಬೇಸಿಗೆಯಲ್ಲಿ ಭತ್ತ ಕೊಯ್ದು, ಚಳಿಗಾಲಕ್ಕೆ ಮತ್ತೆ ನೀರು ಕಟ್ಟಿ, ಅದೇ ಗದ್ದೆಯಲ್ಲಿ ಕ್ರಾಫಿಶ್ ಸಾಕುತ್ತಾರೆ, ಅದು ಸಿಗಡಿಯಂಥ ಸಿಹಿನೀರಿನ ಜೀವಿ. ತಂತಿ ಬಲೆಯ ಬೋನುಗಳ ತಲೆ ಮಾತ್ರ ನೀರಿನ ಮೇಲೆ ಸಾಲಾಗಿ ಕಾಣುತ್ತದೆ. ಹಿಂಭಾಗದಲ್ಲಿ ಚಕ್ರ ಇರುವ ಚಪ್ಪಟೆ ದೋಣಿಯೊಂದು ಒಂದು ಗದ್ದೆ ಮುಗಿಸಿ, ಬದು ಹತ್ತಿ ಇಳಿದು, ಪಕ್ಕದ ಗದ್ದೆಗೆ ಹೋಯಿತು. ಕಾರು ನಿಲ್ಲಿಸಿ ತುಂಬಾ ಹೊತ್ತು ನೋಡಿದೆವು.

ಮುಂದೆ ಅಟ್ಚಾಫಲಾಯಾ ಜೌಗಿನ ಮೇಲಿನ ಸೇತುವೆ ಸುಮಾರು 29 ಕಿ.ಮೀ. ಸ್ಪೀಡ್ ಮಿತಿ ಮೀರಬೇಡಿ, ಪೊಲೀಸರು ಕಾದಿರುತ್ತಾರೆ. ಬ್ಯಾಟನ್ ರೂಜ್‌ನಲ್ಲಿ 34 ಮಹಡಿಯ ಶಾಸನಸಭೆ ಕಟ್ಟಡದ ಮೇಲೆ ಪುಕ್ಕಟೆ ಹತ್ತಬಹುದು. ಒಂದು ಕಡೆ ಮಿಸಿಸಿಪ್ಪಿ, ಇನ್ನೊಂದು ಕಡೆ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆ. ಈ ರಾಜ್ಯ ಯಾವುದರಿಂದ ಬದುಕುತ್ತಿದೆ ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಹೆದ್ದಾರಿ ಬಿಟ್ಟು ಮಿಸಿಸಿಪ್ಪಿ ಪಕ್ಕದ ರಿವರ್ ರೋಡ್‌ನಲ್ಲಿ ಹೋಗಿ. ಕಬ್ಬಿನ ಗದ್ದೆ, ಪಕ್ಕದಲ್ಲೇ ರಾಸಾಯನಿಕ ಕಾರ್ಖಾನೆ, ಮತ್ತೆ ಕಬ್ಬು. ಜನ ಅಲ್ಲೇ ವಾಸ ಮಾಡುತ್ತಾರೆ, ಆ ಗಾಳಿಯನ್ನೇ ಉಸಿರಾಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ನದಿ ಮಾತ್ರ ಕಾಣುವುದಿಲ್ಲ, ಪ್ರವಾಹ ತಡೆಯುವ ಮಣ್ಣಿನ ಏರಿ ಅಡ್ಡ ಇದೆ. ಏರಿ ಹತ್ತಿದರೆ ಹಡಗು ರಸ್ತೆಗಿಂತ ಎತ್ತರದಲ್ಲಿ ಹೋಗುತ್ತಿರುತ್ತದೆ. ತೋಟದ ಮಾಲೀಕರ ದೊಡ್ಡ ಬಂಗಲೆಗಳ ಟೂರ್ ಬಿಟ್ಟು, ಹಳೇ ಕಬ್ಬಿನ ತೋಟವೇ ಮ್ಯೂಸಿಯಂ ಆಗಿರುವ ವಿಟ್ನಿ ಪ್ಲಾಂಟೇಶನ್‌ಗೆ ಹೋಗಿ. ಅಲ್ಲಿ ಹೇಳುವುದು ಗುಲಾಮರ ಕಥೆ, ಮಾಲೀಕರದ್ದಲ್ಲ.

ಹೋಗುವುದಾದರೆ ಮಾರ್ಚ್, ಏಪ್ರಿಲ್. ಕ್ರಾಫಿಶ್ ಜಾಸ್ತಿ ಸಿಗುವುದೂ ಆಗಲೇ. ಮಾರ್ಡಿ ಗ್ರಾ ಎಂಬ ಕಾರ್ನಿವಲ್ ಹಬ್ಬ, ಏಪ್ರಿಲ್ ಕೊನೆಯ ಜಾಝ್ ಫೆಸ್ಟ್ ಸಂಗೀತೋತ್ಸವ, ಈ ವಾರಗಳನ್ನು ಮಾತ್ರ ಬಿಡಿ, ಜನಜಂಗುಳಿ ನನಗಂತೂ ಆಗುವುದಿಲ್ಲ, ರೂಮ್ ಬಾಡಿಗೆಯೂ ಏರಿರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2005ರ ಕತ್ರಿನಾ, 2021ರ ಐಡಾ, ಎರಡೂ ಅಪ್ಪಳಿಸಿದ್ದು ಆಗಸ್ಟ್ 29ರಂದೇ. ಆಗ ಹೋಗಲೇಬೇಕಾದರೆ ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ತೆಗೆದುಕೊಳ್ಳಿ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ. ರಾಜ್ಮಾ ಅನ್ನದಂತೆ ಕಾಣುವ ರೆಡ್ ಬೀನ್ಸ್‌ನಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ, ಬೆಂಡೆಕಾಯಿಗೂ ಕೆಲವರು ಸಾಸೇಜ್ ಹಾಕುತ್ತಾರೆ. "ವೆಜಿಟೇರಿಯನ್ನಾ?" ಅಂತ ಕೇಳಿದರೆ ಸಾಲದು, ಮಾಂಸ, ಸಿಗಡಿ, ಕೋಳಿ ಸ್ಟಾಕ್ ಅಂತ ಒಂದೊಂದೇ ಹೆಸರು ಹೇಳಿ ಕೇಳಿ. ನಮ್ಮತ್ತೆಗೆ ಅಂತ ಹಾಗೆ ಕೇಳಿದ್ದಕ್ಕೆ ಕೌಂಟರಿನ ಹೆಂಗಸು ಒಳಗೆ ಹೋಗಿ ಅಡುಗೆಯವರನ್ನೇ ವಿಚಾರಿಸಿಕೊಂಡು ಬಂದರು.